ಅತ್ತೆಯ ಅಂಗೈ

ಪಾಲಹಳ್ಳಿಯ ಕಬ್ಬಿನ ಗದ್ದೆಯಲ್ಲಿ ಜಯಲಕ್ಷ್ಮಮ್ಮನ ಹೆಣ ಸಿಕ್ಕಾಗ ಎಲ್ಲರ ಬಾಯಲ್ಲೂ ಬಂದದ್ದು ಚಿರತೆಯ ಹೆಸರೇ. ಹಿಂದಿನ ವಾರವಷ್ಟೇ ಅದು ಊರೊಳಗಿಂದ ಕರುವೊಂದನ್ನು ಹೊತ್ತೊಯ್ದಿತ್ತು. ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದವಳ ಸೀರೆ ಹರಿದಿತ್ತು, ಮೈಯೆಲ್ಲ ಗೀರುಗಳು, ನೆಲದ ಮೇಲೆ ಎಳೆದೊಯ್ದ ಗುರುತು.

ಜನ ಹೆಣವನ್ನು ರಸ್ತೆಯಲ್ಲಿಟ್ಟು ಅಡ್ಡ ಕೂತರು. ಬಂದ ಅರಣ್ಯಾಧಿಕಾರಿ ಉತ್ತರದ ಕಡೆಯವರು, ಕನ್ನಡ ಬಾರದು. ಸತ್ತವಳ ತಮ್ಮ ಚಲುವರಾಜು ತನ್ನ ಮಗಳು ಮೇಘನಳನ್ನು ಮುಂದಕ್ಕೆ ತಳ್ಳಿದ. ಅವಳು ಶ್ರೀರಂಗಪಟ್ಟಣದಲ್ಲಿ ಬಿ.ಎ. ಓದುತ್ತಿದ್ದಳು.

"ಇಂಗ್ಲೀಸಲ್ಲೇ ಏಳವ್ವ. ಇವತ್ತೇ ಬೋನು ಇಡ್ಬೇಕು ಅನ್ನು."

ಮೇಘನ ಅಷ್ಟು ಹೊತ್ತೂ ಅತ್ತೆಯ ಕೈ ಹಿಡಿದು ಅತ್ತಿದ್ದಳು. ಆ ಅಂಗೈಯಲ್ಲಿ ಅಡ್ಡಲಾಗಿ ಕರಕಲಾದ ಗೆರೆಯೊಂದಿತ್ತು. ಕುತ್ತಿಗೆಯ ಮೇಲೆ ಹಲ್ಲಿನ ಗುರುತೇ ಇರಲಿಲ್ಲ. ಹಂದಿ ಕಾಟಕ್ಕೆ ಬೇಲಿಗೆ ಕರೆಂಟು ಬಿಡುವವರು ಊರಲ್ಲಿದ್ದರು. ಪಕ್ಕದ ಗದ್ದೆ ಮಂಚಯ್ಯನದು. ದಾರಿಯ ವಿಷಯಕ್ಕೆ ಅವನಿಗೂ ಅತ್ತೆಗೂ ಮಾತು ಬಿಟ್ಟುಹೋಗಿತ್ತು.

ಅವಳಿಗೆ ತರಗತಿಯಲ್ಲಿ ಕಲಿತ ಇಂಗ್ಲಿಷ್ ನುಡಿಗಟ್ಟೊಂದು ನೆನಪಾಯಿತು. ಬೇಟೆಯ ಪ್ರಾಣಿ ಇನ್ನೊಂದು ಮರಕ್ಕೆ ಹಾರಿಹೋಗಿದ್ದರೂ ನಾಯಿ ಮೊದಲಿನ ಮರದ ಕೆಳಗೇ ನಿಂತು ಬೊಗಳುತ್ತದೆ ಎಂದು ಪ್ರಮೀಳಾ ಮೇಡಂ ವಿವರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾ ಎಂದು ಯಾರೋ ಕೇಳಿದ್ದಕ್ಕೆ, "ಅಲ್ಲ, ಅದು ಬೇರೆ. ಈ ನಾಯಿ, ಮರದ ಮೇಲೆ ಪ್ರಾಣಿ ಇದೆ ಅಂತ ನಂಬಿಕೊಂಡೇ ಬೊಗಳುತ್ತೆ" ಅಂದಿದ್ದರು.

ಅಧಿಕಾರಿಗೆ 'ನೀವು ಬೊಗಳುತ್ತಿದ್ದೀರಿ' ಅನ್ನುವುದು ಹೇಗೆ? ಅವಳು ಊರನ್ನೂ ಸೇರಿಸಿಕೊಂಡಳು.

"ವಿ ಆರ್ ಆಲ್ ಬಾರ್ಕಿಂಗ್ ಅಪ್ ದ ರಾಂಗ್ ಟ್ರೀ, ಸರ್." ಅವಳು ಅತ್ತೆಯ ಅಂಗೈ ಬಿಡಿಸಿ ತೋರಿಸಿದಳು.

ಅಧಿಕಾರಿ ಬಗ್ಗಿ ನೋಡಿದರು. ತಕ್ಷಣ ಪೊಲೀಸರಿಗೆ ಫೋನ್ ಮಾಡಿದರು.

"ಏನಂದ್ಯವ್ವ?" ಚಲುವರಾಜು ಕೇಳಿದ.

"ಚಿರತೆ ಅಲ್ಲ ಕಣಪ್ಪ. ಅತ್ತೆಗೆ ಕರೆಂಟು ಒಡ್ದದೆ. ಮಂಚಯ್ಯನ ಬೇಲೀಲೇ ಇರ್ಬೇಕು."

ಮಾತು ಮುಗಿಯುವಷ್ಟರಲ್ಲಿ ಸತ್ತವಳ ಮಗ ಶಂಕರ್ ಮಂಚಯ್ಯನ ಕೊರಳಪಟ್ಟಿ ಹಿಡಿದಿದ್ದ. "ನಾನ್ ತಂತೀನೇ ಕಟ್ಟಿಲ್ಲ ಕಣ್ಲಾ! ನನ್ ಗದ್ದೇಗೆ ಲೈನೇ ಇಲ್ಲ!" ಎಂದು ಮುದುಕ ಕೂಗಿದ. ಯಾರೂ ಕೇಳಲಿಲ್ಲ. ಅಧಿಕಾರಿಯ ಜೊತೆಗಿದ್ದ ಗಾರ್ಡುಗಳು ಬಿಡಿಸುವ ಹೊತ್ತಿಗೆ ಅವನ ತೋಳು ಮುರಿದಿತ್ತು.

ಪೊಲೀಸರು ಎಳೆದ ಗುರುತು ಹಿಡಿದು ಹಿಂದಕ್ಕೆ ನಡೆದರು. ಅದು ಮಂಚಯ್ಯನ ಗದ್ದೆಯ ಕಡೆ ತಿರುಗಲೇ ಇಲ್ಲ, ಚಲುವರಾಜುವಿನ ಪಂಪ್‌ಸೆಟ್ ಮನೆಯ ಹತ್ತಿರ ನಿಂತಿತು. ಒಳಗೆ ಗೋಣಿಚೀಲದ ಕೆಳಗೆ ಸುತ್ತಿಟ್ಟ ತಂತಿ ಸಿಕ್ಕಿತು. ಪೊಲೀಸರು ಕೇಳುವ ಮೊದಲೇ ಚಲುವರಾಜು ಬಾಯಿಬಿಟ್ಟ.

"ಅಂದಿ ಕಾಟ್ಕೆ ಅಂತ ಕಟ್ಟಿದ್ದೆ ಸಾ. ಬೆಳಿಗ್ಗೆ ಸ್ವಿಚ್ಚು ಆಫ್ ಮಾಡಾದು ಮರ್ತ್ಬುಟ್ಟೆ. ನಾ ಓಗೋ ಒತ್ಗೆ ಅಕ್ಕ ಬಿದ್ದಿದ್ಲು. ಉಸ್ರೇ ಇರ್ಲಿಲ್ಲ. ಎದ್ರಿಕೆ ಆಯ್ತು, ಕಬ್ಬೊಳಕ್ಕೆ ಎಳ್ದಾಕ್ಬುಟ್ಟೆ."

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕ. ಜೀಪು ಹತ್ತುವಾಗ ಅವನು ಮಗಳ ಕಡೆ ನೋಡಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಅವಳಿಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ.

ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಮೇಘನ ಒಬ್ಬಳೇ ಆಸ್ಪತ್ರೆಗೆ ಹೋದಳು. ಮಂಚಯ್ಯ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ.

"ನನ್ನಿಂದ ತಪ್ಪಾಯ್ತು ತಾತ," ಅಂದಳು.

ಅವನು ಪಟ್ಟಿ ಹಾಕಿದ ಕೈಯನ್ನು ಎದೆಯ ಮೇಲೆ ಎಳೆದುಕೊಂಡ.

"ನಿಂಗೆ ಗೊತ್ತಿರ್ನಿಲ್ಲ, ಬುಡವ್ವ. ಅವ್ನಿಗೆ ಗೊತ್ತಿತ್ತಲ್ಲ? ನಂಗೆ ಒಡೀವಾಗ ನಿಮ್ಮಪ್ಪ ಅಲ್ಲೇ ನಿಂತ್ಕಂಡು ನೋಡ್ತಿದ್ದ."