ಸಣ್ಣ ಪಾತ್ರಗಳ ಪಟ್ಟಿ

ಅಕ್ಕ ಕೆಲಸದಿಂದ ಮನೆಗೆ ಬಂದಾಗ ಬೆಳಿಗ್ಗೆ ಮುಚ್ಚಿಟ್ಟು ಹೋಗಿದ್ದ ಊಟ ಹಾಗೆಯೇ ಇತ್ತು. ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದ. ಅವನ ಎಡಗೈ ಎಂದಿನಂತೆ ತೊಡೆಯ ಮೇಲೆ ಬಿದ್ದಿತ್ತು. ಬಲಗೈ ಮಾತ್ರ ಮೌಸಿನ ಮೇಲಿತ್ತು.

"ಯಾಕೋ, ಊಟ ಮಾಡ್ಲಿಲ್ವಾ?"

"ತೆಗೆದುಹಾಕ್ತಾರಂತೆ ಅಕ್ಕಾ."

"ಯಾರನ್ನ?"

"ಎಲ್ರನ್ನೂ. ಮೀನು ತೂಗೋಳನ್ನ. ಟಿಕೆಟ್ ಹರಿಯೋನನ್ನ. ಎಲ್ರನ್ನೂ ಒಂದೇ... ಒಂದೇ..." ಮುಂದಿನ ಮಾತು ಸಿಗಲಿಲ್ಲ. ಪರದೆಗೆ ಬೆರಳು ಒತ್ತಿ ತೋರಿಸಿದ.

ಅವಳು ಕನ್ನಡಕ ಏರಿಸಿ ಓದಿದಳು. 'ಕಲ್ಲುದಡ' ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳು ಸೇರಿ ಬರೆದು, ತಿದ್ದಿ, ಬೆಳೆಸುತ್ತಿದ್ದ ವಿಕಿ ಅದು. ಅದರ ಚರ್ಚೆಯ ಪುಟದಲ್ಲಿ ಯಾರೋ ಒಂದು ಸೂಚನೆ ಇಟ್ಟಿದ್ದರು. ಒಂದೆರಡು ಕಂತುಗಳಲ್ಲಿ ಮಾತ್ರ ಬಂದುಹೋಗುವ ಪಾತ್ರಗಳಿಗೆ ಬೇರೆ ಬೇರೆ ಪುಟ ಬೇಡ, ಎಲ್ಲವನ್ನೂ 'ಸಣ್ಣ ಪಾತ್ರಗಳು' ಎಂಬ ಒಂದೇ ಪಟ್ಟಿಗೆ ಸೇರಿಸೋಣ, ಒಬ್ಬೊಬ್ಬರಿಗೆ ಒಂದೊಂದು ಸಾಲು ಸಾಕು. ಮತ ಹಾಕಲು ಎರಡು ವಾರ ಸಮಯವಿತ್ತು.

ಆ ಸಣ್ಣ ಪಾತ್ರಗಳ ಪುಟಗಳು ಮುನ್ನೂರಕ್ಕೂ ಹೆಚ್ಚು. ಬಹುಪಾಲು ತಮ್ಮನೇ ಬರೆದದ್ದು.

ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದ. ಹಗಲೆಲ್ಲ ಗ್ರೀಸು, ತಂತಿ. ಸಂಜೆ ಕೈ ತೊಳೆದು ಬಂದರೆ ಕಲ್ಲುದಡ. ಒಂದು ಬಂದರಿನ ಸುತ್ತ ಹೆಣೆದ, ಎಂಟು ವರ್ಷ ಓಡಿ ಆರುನೂರ ನಲವತ್ತು ಕಂತಿಗೆ ಮುಗಿದ ಆ ಧಾರಾವಾಹಿಯನ್ನು ಅಕ್ಕ ನಾಲ್ಕು ದಿನವೂ ನೋಡಿದವಳಲ್ಲ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ್ನಂತೆ, ಹಾಗಾಯ್ತು ನಿನ್ನ ಕಥೆ" ಎಂದು ರೇಗಿಸುತ್ತಿದ್ದಳು. ಎರಡು ವರ್ಷದ ಹಿಂದೆ ಅವನು ಒಂದು ಕಟ್ಟಡದ ಲಿಫ್ಟ್ ಶಾಫ್ಟಿನೊಳಗೆ ಎರಡು ಮಹಡಿ ಎತ್ತರದಿಂದ ಬಿದ್ದ. ತಲೆಗೆ ಪೆಟ್ಟಾಯಿತು. ಮೂರು ತಿಂಗಳು ಆಸ್ಪತ್ರೆ. ಮನೆಗೆ ಬಂದಾಗ ಹೂಂ, ಉಹೂಂ ಎರಡೇ ಮಾತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ, "ಮೊದಲು ಚೆನ್ನಾಗಿ ಗೊತ್ತಿದ್ದ ಕೆಲಸ ಏನಾದ್ರೂ ಕೊಡಿ, ಅದರ ಹಿಂದೆ ಮಾತೂ ಬರುತ್ತೆ" ಅಂದಳು. ಅಕ್ಕ ಕಂಪ್ಯೂಟರ್ ಹಾಕಿಕೊಟ್ಟಳು. ಒಂದು ಬೆರಳಿನಲ್ಲಿ ಕುಟ್ಟುತ್ತಾ ಅವನು ಮತ್ತೆ ಪುಟ ಬರೆಯತೊಡಗಿದ. ಮಾತೂ ಬಂತು, ಅರ್ಧಂಬರ್ಧ. ಹೊಸದಾಗಿ ಕೇಳಿದ್ದು ಮಾತ್ರ ಒಮ್ಮೊಮ್ಮೆ ಅರ್ಧ ಗಂಟೆಯೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ನೀನು ಬರಿ ಅಕ್ಕಾ. ನಾನು ಹೇಳ್ತೀನಿ. ನನ್ನ ಮಾತು ನೆಟ್ಟಗೆ ನಿಲ್ಲಲ್ಲ."

ಮಾರನೆಯ ಸಂಜೆ ಅವಳು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಅವನು ಹೇಳಿದ್ದು ತುಂಡು ತುಂಡು. ಅದನ್ನೆಲ್ಲ ಜೋಡಿಸಿ ಬರೆದಳು: ಮೀನು ತೂಗುವವಳು ಬಂದದ್ದು ಒಂದೇ ಕಂತಿಗೆ, ನಿಜ. ಆದರೆ ಅವಳು ತಕ್ಕಡಿ ತಿರುಗಿಸಿಟ್ಟ ದಿನವೇ ನಾಯಕನ ಅಪ್ಪನ ಮೋಸ ಬಯಲಾದದ್ದು. ಅದು ಒಂದು ಸಾಲಿನಲ್ಲಿ ಹಿಡಿಯುವುದಿಲ್ಲ. ದೊಡ್ಡವರ ಕಥೆ ಎಲ್ಲರಿಗೂ ನೆನಪಿರುತ್ತದೆ. ಪುಟ ಬೇಕಿರುವುದು ಮರೆತುಹೋಗುವವರಿಗೆ. ಬರೆಯುತ್ತಾ ಅವಳಿಗೂ ಹುರುಪು ಬಂತು. ವಿಕಿಯಲ್ಲಿ ಅವನ ಬಳಕೆದಾರ ಹೆಸರು 'ತಿರುಪುಳಿ', ಅಂದರೆ ಸ್ಕ್ರೂಡ್ರೈವರ್, ಎಂದಿತ್ತು. ಅದರಡಿಯೇ ಕಳಿಸಿದಳು.

ಮರುದಿನ ಒಂದು ಖಾಸಗಿ ಸಂದೇಶ ಬಂತು. ಕಳಿಸಿದವರು ವಿಕಿಯ ಮುಖ್ಯ ನಿರ್ವಾಹಕರು, ಎಲ್ಲರೂ 'ಮೇಷ್ಟ್ರು' ಅನ್ನುತ್ತಿದ್ದ ಒಬ್ಬ ಗಣಿತದ ಅಧ್ಯಾಪಕರು. 'ಇದನ್ನು ಬರೆದವರು ತಿರುಪುಳಿ ಅಲ್ಲ ಎಂದು ಕಾಣುತ್ತದೆ. ಅವರ ಮನೆಯವರಾಗಿದ್ದರೆ ದಯವಿಟ್ಟು ಫೋನ್ ಮಾಡಿ' ಎಂದು ನಂಬರು ಕೊಟ್ಟಿದ್ದರು.

ಅಕ್ಕನ ಕೆಲಸ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ, ಪ್ಲಾಸ್ಟರಿನ ದವಡೆಗಳನ್ನು ಒಣಗಲು ಸಾಲಾಗಿ ಇಟ್ಟಿದ್ದ ಕಪಾಟಿನ ಪಕ್ಕ ನಿಂತು ಫೋನ್ ಮಾಡಿದಳು.

"ನಾನು ಅವನ ಅಕ್ಕ."

"ನಮಸ್ಕಾರ ಅಮ್ಮಾ. ಹೇಗೆ ಹೇಳೋದು ಅಂತಾನೇ ಗೊತ್ತಾಗ್ತಿಲ್ಲ." ದನಿ ವಯಸ್ಸಾದವರದು. "ನಿಮ್ಮ ತಮ್ಮ ಇಲ್ದೇ ಇದ್ರೆ ಈ ವಿಕೀನೇ ಇರ್ತಿರ್ಲಿಲ್ಲ. ಆದ್ರೆ ಬಿದ್ದ ಮೇಲೆ ಬರೆದಿದಾರಲ್ಲ, ಆ ಪುಟಗಳಲ್ಲಿ ಮೂವತ್ತೊಂದು... ಅಂಥ ಪಾತ್ರಗಳೇ ಇಲ್ಲ ಅಮ್ಮಾ."

"ಇಲ್ಲ ಅಂದ್ರೆ?"

"ಧಾರಾವಾಹೀಲೇ ಇಲ್ಲ. ನಾವು ಮೂರು ಜನ ಕೂತು ಆ ಕಂತುಗಳನ್ನ ಮತ್ತೆ ನೋಡಿದ್ವಿ. ಒಂದೊಂದನ್ನೇ ಸುಳ್ಳು ಅಂತ ಬರೆದು ಅಳಿಸಿದ್ರೆ ಅವರ ಮುಖಕ್ಕೆ ಹೊಡೆದ ಹಾಗಾಗುತ್ತೆ. ಎಲ್ಲಾನೂ ಪಟ್ಟಿಗೆ ಸೇರಿಸಿದ್ರೆ, ಆ ಗಲಾಟೇಲಿ ಅವೂ ಹೋಗ್ತವೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ವಿ. ಮುನ್ನೂರು ಒಳ್ಳೆ ಪುಟ ಹಾಳಾಗುತ್ತೆ. ಆಗ್ಲಿ ಅಂತ."

ಆ ಮೂವತ್ತೊಂದು ಯಾವುವು ಎಂದು ಕೇಳಿದಳು. ಸಂಜೆಯ ಹೊತ್ತಿಗೆ ಕಳಿಸುವುದಾಗಿ ಹೇಳಿದರು.

ತಮ್ಮ ಸ್ನಾನಕ್ಕೆ ಹೋದಾಗ ಅವಳು ಒಂದೊಂದೇ ತೆರೆದಳು. 'ಹೊಲಿಗೆ ಯಂತ್ರದ ಹೆಂಗಸು, ಕಂತು 290. ದಾರವನ್ನು ಹಲ್ಲಿನಲ್ಲೇ ಕಡಿಯುತ್ತಾಳೆ. ಮಕ್ಕಳು ಶಾಲೆಯಿಂದ ಬಂದರೂ ತಲೆ ಎತ್ತುವುದಿಲ್ಲ, ಆದರೆ ಕಾಲು ನಿಲ್ಲಿಸುತ್ತಾಳೆ.' ಅದು ಅವರ ಅಮ್ಮ. ತೀರಿಕೊಂಡು ಹದಿನಾರು ವರ್ಷವಾಗಿತ್ತು. ಇನ್ನೊಂದರಲ್ಲಿ ಅವರ ಹಳೆಯ ಮನೆಯ ಮಾಲೀಕ. ಮತ್ತೊಂದರಲ್ಲಿ ಅವಳೇ ಇದ್ದಳು, ಬಿಳಿ ಪುಡಿ ಮೆತ್ತಿದ ಕೈಯವಳಾಗಿ, ಬಂದರಿನ ಆಸ್ಪತ್ರೆಯಲ್ಲಿ. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆಮೇಲೆ ಈ ಪುಟ ಬಂತು:

'ಬೋಟಿನ ಮೆಕ್ಯಾನಿಕ್. ಕಂತು 412. ಹಡಗಿನ ಹೊಟ್ಟೆಯೊಳಗೆ ಇಳಿಬಿಟ್ಟ ಹಲಗೆಯ ಮೇಲೆ ನಿಂತಿದ್ದಾನೆ. ಸೊಂಟಕ್ಕೆ ಬೆಲ್ಟ್ ಇದೆ. ಅದರ ಕೊಕ್ಕೆ ಬಿಚ್ಚಿ ಮೇಲಿನ ಕಂಬಿಗೆ ಹಾಕುತ್ತಿದ್ದಾನೆ. ಮೇಲಿನಿಂದ ಪಾರ್ಟ್ನರ್ ಬಿಡ್ಲಾ ಅನ್ನುತ್ತಾನೆ. ಮೆಕ್ಯಾನಿಕ್ ಬೇಡ ಅನ್ನುತ್ತಾನೆ. ಹಲಗೆ ಇಳಿಯುತ್ತದೆ. ಮೆಕ್ಯಾನಿಕ್ ಇದಾದ ಮೇಲೆ ಕಾಣಿಸುವುದಿಲ್ಲ.'

ಒಂಬತ್ತು ವರ್ಷ ತಮ್ಮನ ಜೊತೆ ಕೆಲಸ ಮಾಡಿದವನನ್ನು ಅವನು ಪಾರ್ಟ್ನರ್ ಎಂದೇ ಕರೆಯುತ್ತಿದ್ದ. ಈಗಲೂ ಪ್ರತಿ ಭಾನುವಾರ ಹಣ್ಣು ಹಿಡಿದು ಮನೆಗೆ ಬಂದು, ತಮ್ಮನ ಗಡ್ಡ ಬೋಳಿಸಿ, ಬೆನ್ನುಜ್ಜಿ ಸ್ನಾನ ಮಾಡಿಸಿ ಹೋಗುತ್ತಿದ್ದವನು ಅವನೇ. ಅಪಘಾತದ ವಿಚಾರಣೆಯಲ್ಲಿ ಹೇಳಿಕೆ ಕೊಟ್ಟವನೂ ಅವನೇ: ಮೆಕ್ಯಾನಿಕ್ ಸುರಕ್ಷತಾ ಬೆಲ್ಟ್ ಹಾಕಿರಲಿಲ್ಲ, ಕಾಲು ಜಾರಿ ಬಿದ್ದ. ವರದಿಯಲ್ಲಿ ತಪ್ಪು ತಮ್ಮನದೇ ಎಂದಾಗಿತ್ತು.

ಪುಟದ ಇತಿಹಾಸ ಎಂಬ ಕಡೆ ಒತ್ತಿದರೆ ಬರೆದ ದಿನ ಕಾಣುತ್ತಿತ್ತು. ವರದಿ ಬರುವುದಕ್ಕೆ ಮೂರು ತಿಂಗಳು ಮುಂಚೆ ಬರೆದದ್ದು. ಬೆಲ್ಟಿನ ಮಾತು ಆಗ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ.

ತಮ್ಮ ಒದ್ದೆ ತಲೆಯಲ್ಲಿ ಹೊರಬಂದ. ಅವಳು ಟವೆಲ್ ತೆಗೆದುಕೊಂಡು ಒರೆಸುತ್ತಾ ಕೇಳಿದಳು, "ಅವತ್ತು ಬೆಲ್ಟ್ ಹಾಕಿದ್ಯೇನೋ?"

"ಯಾವತ್ತು?"

"ಬಿದ್ಯಲ್ಲ, ಅವತ್ತು."

ಅವನು ತನ್ನ ಕಾಲಿನ ಕಡೆ ನೋಡಿಕೊಂಡ. "ಗೊತ್ತಿಲ್ಲ ಅಕ್ಕಾ. ಬೆಳಿಗ್ಗೆ ಷೂ ಹಾಕ್ಕೊಂಡೆ. ಅಷ್ಟೇ."

"ಬೋಟಿನ ಮೆಕ್ಯಾನಿಕ್ ಹಾಕಿದ್ನಾ?"

"ಹಾಕಿದ್ದ!" ತಟ್ಟನೆ ಹೇಳಿದ. "ಬೆಲ್ಟ್ ಹಾಕಿದ್ದ. ಬೇಡ ಅಂದ. ಆದ್ರೂ ಬಿಟ್ಟ."

"ಯಾರು ಬಿಟ್ಟಿದ್ದು?"

"ನಾನೂರ ಹನ್ನೆರಡನೇ ಎಪಿಸೋಡು," ಎಂದ ತಮ್ಮ. "ಬೇಕಾದ್ರೆ ಹಾಕಿ ನೋಡು."

ಭಾನುವಾರ ಪಾರ್ಟ್ನರ್ ಬಂದ. ಕಿಟಕಿಯ ಹತ್ತಿರ ತಮ್ಮನನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ನೊರೆ ಹಚ್ಚಿದ. ಗದ್ದ ಎತ್ತಿ ಹಿಡಿದು, ಬ್ಲೇಡು ತಾಕಿಯೂ ತಾಕದ ಹಾಗೆ ಎಳೆಯುತ್ತಿದ್ದ. ತಮ್ಮ ಕಣ್ಣು ಮುಚ್ಚಿಕೊಂಡಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದಳು.

ಅವನು ಬಟ್ಟಲು ತೊಳೆಯಲು ಒಳಗೆ ಬಂದಾಗ ಮುದ್ರಿಸಿಟ್ಟಿದ್ದ ಹಾಳೆ ಕೈಗೆ ಕೊಟ್ಟಳು. ಅವನು ಓದಿದ. ಎರಡನೆಯ ಸಲವೂ ಓದಿದ. ನಲ್ಲಿ ತೆರೆದೇ ಇತ್ತು.

"ಅವನು ಹೇಳಿದ್ನಾ ಇದನ್ನ?"

"ಬರೆದಿದಾನೆ. ಅವನಿಗೆ ನೆನಪಿಲ್ಲ. ನಿಂಗಿದ್ಯಲ್ಲ."

ಅವನು ನಲ್ಲಿ ನಿಲ್ಲಿಸಿದ. ಕಟ್ಟೆಗೆ ಎರಡೂ ಕೈ ಊರಿದ. "ಅಕ್ಕಾ, ಕೆಳಗಿಂದ ಮ್ಯಾನೇಜರು ಫೋನ್ ಮೇಲೆ ಫೋನು. ಜನ ಬೈತಿದಾರೆ, ಲಿಫ್ಟ್ ಬೇಗ ಬಿಡಿ ಬೇಗ ಬಿಡಿ ಅಂತ. ನಾನು ಬಿಡ್ಲಾ ಅಂತ ಕೂಗಿದೆ. ಅವನೇನೋ ಅಂದ. ಮೋಟಾರಿನ ಸದ್ದಲ್ಲಿ... ಬಿಡು ಅಂದ ಹಾಗೆ ಕೇಳಿಸ್ತು. ನಿಜವಾಗ್ಲೂ ಹಾಗೇ ಕೇಳಿಸ್ತು."

"ಮತ್ತೆ ಬೆಲ್ಟು?"

ಅವನು ಬಟ್ಟಲನ್ನು ಬೋರಲು ಹಾಕಿದ.

"ಕೇಳಿಸಿದ್ದು ತಪ್ಪಿರ್ಬಹುದು. ಬೆಲ್ಟ್ ಇತ್ತಲ್ಲೋ. ನೀನೇ ಬಿಚ್ಚಿದ್ಯಾ?"

"ಮ್ಯಾನೇಜರು ಬಿಚ್ಚಿಸಿದ್ರು. ಆಂಬುಲೆನ್ಸ್ ಬರೋಕೆ ಮುಂಚೆ." ಅವನ ದನಿ ಸಣ್ಣಗಾಯಿತು. "ಅವನು ಬದುಕಲ್ಲ ಅಂದ್ಕೊಂಡ್ವಿ ಅಕ್ಕಾ. ಸತ್ತೋನಿಗೆ ಏನು ಹೋಗುತ್ತೆ, ಇರೋರು ಉಳ್ಕೊಳ್ಲಿ ಅಂದ್ರು."

ಅವಳಿಗೆ ಕೈಯಲ್ಲಿದ್ದ ಸೌಟನ್ನು ಎತ್ತಿ ಹೊಡೆಯಬೇಕೆನಿಸಿತು. ಕಿಟಕಿಯ ಕಡೆಯಿಂದ ತಮ್ಮ ಕೂಗಿದ, "ಪಾರ್ಟ್ನರ್, ಈ ಕಡೆ ಕೆನ್ನೆ ಹಾಗೇ ಬಿಟ್ಯಲ್ಲೋ!"

"ಬಂದೆ, ಬಂದೆ."

"ವಿಚಾರಣೆ ಮಾಡಿದ ಆಫೀಸಿಗೆ ಹೋಗಿ ನಿಜ ಹೇಳು," ಎಂದಳು ಅಕ್ಕ. "ನಾನು ನಿನ್ನನ್ನ ಇನ್ನೇನೂ ಕೇಳಲ್ಲ."

"ಹೇಳ್ತೀನಿ. ಬುಧವಾರ ಹೇಳ್ತೀನಿ." ಅವನು ಹೋಗಿ ಉಳಿದ ಕೆನ್ನೆ ಬೋಳಿಸಿದ.

ಬುಧವಾರ ಅವನು ಹೋಗಲಿಲ್ಲ. ಗುರುವಾರ ಅವನ ಫೋನ್ ಆಫ್ ಆಗಿತ್ತು. ಶುಕ್ರವಾರ ಅಕ್ಕ ಅರ್ಧ ದಿನ ರಜೆ ಹಾಕಿ ಅವನ ಮನೆ ಹುಡುಕಿಕೊಂಡು ಹೋದಳು. ಬೀಗ ಬಿದ್ದಿತ್ತು. ಕಂಪನಿಯವರು ಅವನನ್ನು ಬೇರೆ ಊರಿನ ಕೆಲಸಕ್ಕೆ ಹಾಕಿದ್ದಾರೆ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋದ ಎಂದು ಪಕ್ಕದ ಮನೆಯವಳು ಹೇಳಿದಳು.

ಅಲ್ಲಿಂದ ನೇರವಾಗಿ ವಿಚಾರಣೆ ನಡೆಸಿದ್ದ ಕಚೇರಿಗೆ ಹೋದಳು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಅಧಿಕಾರಿ ಒಳಗೆ ಕರೆದ. ಕೆಟ್ಟ ಮನುಷ್ಯನೇನಲ್ಲ, ಹಾಳೆಯನ್ನು ಪೂರ್ತಿ ಓದಿದ.

"ಇದೇನಮ್ಮಾ, ಟಿವಿ ಸೀರಿಯಲ್ ಕಥೆ ತಂದಿದೀರಲ್ಲ?"

"ಸೀರಿಯಲ್ ಕಥೆ ಅಲ್ಲ ಸಾರ್. ಸೀರಿಯಲ್‌ನಲ್ಲಿ ಇದು ಇಲ್ಲ. ಅದನ್ನ ನೋಡಿದೋರೇ ಹೇಳಿದಾರೆ, ಇಲ್ಲ ಅಂತ."

"ಅಂದ್ರೆ ನಿಮ್ಮ ತಮ್ಮ ಇಲ್ದೇ ಇರೋದನ್ನ ಬರೀತಾರೆ ಅಂತಾಯ್ತು."

ತಾನೇ ತೋಡಿದ ಗುಂಡಿ ಎಂದು ಅವಳಿಗೆ ಹೊಳೆದದ್ದು ಆಗ.

"ನಿಮ್ಮ ಹತ್ರ ಒಪ್ಕೊಂಡ ಅಂದ್ರೆ ಆಗಲ್ಲ, ಆ ಪಾರ್ಟ್ನರನ್ನೇ ಸಾಕ್ಷಿಗೆ ಕರ್ಕೊಂಬನ್ನಿ," ಎಂದು ಅವನು ಹಾಳೆಯನ್ನು ನೀಟಾಗಿ ಮಡಿಸಿ ವಾಪಸು ಕೊಟ್ಟ. "ಇಲ್ಲ ನಿಮ್ಮ ತಮ್ಮನೇ ಬಂದು ಬಾಯಿಬಿಟ್ಟು ಹೇಳ್ಲಿ."

ಬಾಯಿಬಿಟ್ಟು ಹೇಳಿದರೆ ಅವನು ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಮತದಾನ ಮುಗಿಯುವ ಹಿಂದಿನ ದಿನ ಮೇಷ್ಟ್ರು ಫೋನ್ ಮಾಡಿದರು. ಮತಗಳು ಸಮಸಮ ಆಗಿದ್ದವು. "ನೀವು ಬರೆದಿದ್ದನ್ನ ಓದಿ ನಾಲ್ಕು ಜನ ಮನಸ್ಸು ಬದಲಾಯಿಸಿದ್ರು ಅಮ್ಮಾ. ಈಗ ನನ್ನದೊಂದೇ ಬಾಕಿ. ನೀವು ಸೇರಿಸೋದು ಬೇಡ ಅಂದ್ರೆ ಎಲ್ಲಾನೂ ಇದ್ದ ಹಾಗೇ ಬಿಡ್ತೀನಿ. ಸುಳ್ಳು ಪುಟಗಳೂ ಇರ್ಲಿ, ಯಾರಿಗೇನು ನಷ್ಟ?"

ಅವಳು ಎದುರಿನ ಮೇಜಿನ ಮೇಲಿದ್ದ ಮೇಣದ ಒಸಡನ್ನು ಬೆರಳಲ್ಲಿ ಸವರುತ್ತಾ ನಿಂತಳು. ಮೆಕ್ಯಾನಿಕ್‌ನ ಆ ಪುಟ ಅಲ್ಲೇ ಉಳಿದರೆ ಅದು ಎಂದೆಂದಿಗೂ ಕಲ್ಲುದಡದ ಕಥೆ. ಅಳಿಸಿದರೆ ಏನೂ ಅಲ್ಲ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಹಾಗೆ ಬೇಡ ಮೇಷ್ಟ್ರೇ," ಎಂದಳು ಕೊನೆಗೆ. "ಅಲ್ಲಿಲ್ಲದವರನ್ನ ತೆಗೀರಿ. ಅಮ್ಮನನ್ನೂ ತೆಗೀರಿ, ನನ್ನನ್ನೂ ತೆಗೀರಿ. ಇರೋರ ಪುಟ ಮುಟ್ಬೇಡಿ. ಅವನಿಗೆ ನಾನೇ ಹೇಳ್ತೀನಿ. ತೆಗೆಯೋಕೆ ಮುಂಚೆ ಆ ಮೂವತ್ತೊಂದನ್ನೂ ದಿನಾಂಕ ಸಮೇತ ನನಗೆ ಕಳ್ಸಿ."

"ಪಟ್ಟಿ ಬೇಡ್ವೇ?"

"ಪಟ್ಟಿ ಮಾಡಿ, ಪುಟಗಳಿಗೆ ದಾರಿ ತೋರ್ಸೋಕೆ. ಆದ್ರೆ ಅಕಾರಾದಿ ಬೇಡ, ಕಂತಿನ ಕ್ರಮದಲ್ಲಿ ಹಾಕಿ. ಅವನು ಮೊನ್ನೆಯಿಂದ ಅದೇ ಬಡ್ಕೊಳ್ತಿದಾನೆ. ಅಕಾರಾದೀಲಿ ಹಾಕಿದ್ರೆ ಸತ್ತೋನು ಹುಟ್ಟೋಕೆ ಮುಂಚೆ ಬರ್ತಾನಂತೆ."

ಮೇಷ್ಟ್ರು ನಕ್ಕರು. ನಗುತ್ತಲೇ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಆ ಸಂಜೆ ಅವಳು ತಮ್ಮನಿಗೆ ಒಂದೊಂದಾಗಿ ಹೇಳಿದಳು. ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದಳು. ಅವನು ಸುಮ್ಮನೆ ಕೇಳುತ್ತಾ ಹೋದ. ಹೊಲಿಗೆ ಯಂತ್ರದ ಹೆಂಗಸಿನ ಪುಟಕ್ಕೆ ಮಾತ್ರ, "ಅದು ಅಮ್ಮ ಅಲ್ವಾ?" ಎಂದು ಅವನೇ ಕೇಳಿ ನಾಚಿಕೊಂಡ. ಬೋಟಿನ ಮೆಕ್ಯಾನಿಕ್‌ನ ಸರದಿ ಬಂದಾಗ ಪರದೆಯ ಹತ್ತಿರ ಮುಖ ತಂದು ಓದಿದ.

"ಇದನ್ನ ಯಾರು ಬರೆದಿದ್ದು ಅಕ್ಕಾ?"

"ನೀನೇ ಕಣೋ."

"ನಾನೂರ ಹನ್ನೆರಡರಲ್ಲಿ ಹಡಗೇ ಇಲ್ವಲ್ಲ. ಅದು ಕೋರ್ಟಿನ ಕಂತು." ಅವನು ತಲೆಯಾಡಿಸಿದ. "ತೆಗೀಲಿ. ತಪ್ಪು ಪುಟ."

ಅವಳು ಮತ್ತೆ ಮತ್ತೆ ಕೇಳಿದಳು. ಬೆಲ್ಟ್, ಕೊಕ್ಕೆ, ಬಿಡ್ಲಾ ಎಂಬ ಕೂಗು. ಅವನ ಮುಖ ಬಿಗಿಯಿತು, ಹಣೆ ಬೆವರಿತು. ಆದರೆ ಒಂದು ಮಾತೂ ಬರಲಿಲ್ಲ. ಅವನಿಗೆ ಫಿಟ್ಸ್ ಬಂದೀತೆಂದು ಹೆದರಿ ಅವಳು ಬಿಟ್ಟಳು.

ಭಾನುವಾರ ಹತ್ತು ಗಂಟೆಗೆ ತಮ್ಮ ತಾನೇ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತ. ಹನ್ನೊಂದಾದರೂ ಯಾರೂ ಬರಲಿಲ್ಲ.

"ಪಾರ್ಟ್ನರ್ ಬೇರೆ ಊರಿಗೆ ಹೋದ ಕಣೋ," ಎಂದಳು ಅಕ್ಕ. "ಇನ್ನು ಬರಲ್ಲ."

ತಮ್ಮ ಬಿಕ್ಕಿ ಬಿಕ್ಕಿ ಅತ್ತ. ಅಂಥ ಅಳುವನ್ನು ಅವಳು ಅವನು ಬಿದ್ದಾಗಲೂ ಕಂಡಿರಲಿಲ್ಲ. ಅವಳೇ ಬ್ಲೇಡು ಹಿಡಿದು ಗಡ್ಡ ಬೋಳಿಸಿದಳು. ಎರಡು ಕಡೆ ರಕ್ತ ಬಂತು. ಅರ್ಧ ಗಂಟೆ ಕಳೆದ ಮೇಲೆ ಅವನು ಕೇಳಿದ, "ಪಾರ್ಟ್ನರ್ ಯಾಕೆ ಬಂದಿಲ್ಲ?" ಅವಳು ಮತ್ತೆ ಹೇಳಿದಳು. ಅವನು ಮತ್ತೆ, ಮೊದಲ ಸಲ ಕೇಳಿದವನ ಹಾಗೆ, ಅಷ್ಟೇ ಜೋರಾಗಿ ಅತ್ತ.

ಮಧ್ಯಾಹ್ನ ಮೂರನೆಯ ಸಲ ಕೇಳಿದ.

"ಬರ್ತಾನೆ," ಎಂದಳು ಅಕ್ಕ. "ಮುಂದಿನ ವಾರ."