ಮತ್ತೆ ಏಳದ ಸೇತುವೆ

ಮುಂಬಯಿ ಪಕ್ಕದ ಠಾಣೆಯ ಖಾಡಿಯ ಮೇಲಿನ ಹಳೆಯ ಸೇತುವೆಯ ನಡುಭಾಗವನ್ನು ಎತ್ತುತ್ತಿದ್ದವರು ಪುಷ್ಪಾವತಿಯ ಗಂಡ ಜಯಶೀಲ. ಎತ್ತರದ ಪಾಯಿಮರದ ದೋಣಿ ಬಂದರೆ ಗಂಟೆ ಹೊಡೆದು, ಗಾಡಿಗಳನ್ನು ನಿಲ್ಲಿಸಿ, ಸೇತುವೆ ಎತ್ತಿ ದಾರಿ ಬಿಡುವುದು ಅವರ ಕೆಲಸ. ಒಮ್ಮೆ ಮಳೆಗಾಲ ಹತ್ತಿರವಿದ್ದಾಗ ಸ್ವಂತ ಮಗ ಮಯೂರನ ಮರಳು ದೋಣಿಗೂ ಹಾಗೆಯೇ ದಾರಿ ಬಿಟ್ಟರು. ದೋಣಿ ತಿರುಗಿ ಬರಲಿಲ್ಲ, ಮಗ ಬರಲಿಲ್ಲ, ಹೆಣವೂ ಸಿಗಲಿಲ್ಲ. ಕೊರಗಿ ಕೊರಗಿ ಜಯಶೀಲರೂ ಹೋದರು.

ತುಳುವರ ಆಟಿ ತಿಂಗಳಲ್ಲಿ ಸತ್ತವರನ್ನು ಕರೆದು ಎಲೆ ಹಾಕಿ ಬಡಿಸುವ ಪದ್ಧತಿಯನ್ನು ಪುಷ್ಪಾವತಿ ಡೊಂಬಿವಲಿಯ ಫ್ಲ್ಯಾಟಿನಲ್ಲೂ ಬಿಟ್ಟಿರಲಿಲ್ಲ. ಆದರೆ ಎಲೆ ಒಂದೇ, ಗಂಡನದ್ದು. ಬದುಕಿರುವ ಮಗನಿಗೆ ಯಾರಾದರೂ ಎಡೆ ಇಡುತ್ತಾರೆಯೇ? ನೆಂಟರಿಷ್ಟರು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಈಗ ತುಕ್ಕು ಹಿಡಿದ ಸೇತುವೆಗೂ ಯೋಗ ಬಂದಿತ್ತು. ಬೆಂಚು, ಹೂಕುಂಡ, ಐಸ್‌ಕ್ರೀಮಿನ ಅಂಗಡಿ, ಜನ ಕುಳಿತು ಗಾಳಿ ಕುಡಿಯಲು ಜಾಗ. ನಕ್ಷೆ ಬರೆದವಳು ಮಗಳು ಪೂಜಿತಾಳೇ.

“ನಡುವಿನ ಭಾಗ ವೆಲ್ಡ್ ಮಾಡಿಬಿಡ್ತೇವೆ ಅಮ್ಮ. ಮಕ್ಕಳು ಓಡಾಡ್ತಾರೆ, ಸೇಫ್ಟಿ ಬೇಕಲ್ಲ.”

“ಮತ್ತೆ ಎತ್ತಲಿಕ್ಕೆ ಆಗುದಿಲ್ವಾ?”

“ಇಲ್ಲ.”

“ಅಣ್ಣನ ದೋಣಿ ಬಂದ್ರೆ?”

ಪೂಜಿತಾ ಅಮ್ಮನ ಕೈ ಹಿಡಿದಳು. “ಅಪ್ಪ ನಿಲ್ತಿದ್ದ ಜಾಗದಲ್ಲಿ ಅಣ್ಣನ ಹೆಸರು ಕೆತ್ತಿಸಿ ಒಂದು ಬೆಂಚ್ ಹಾಕಿಸ್ತೇನೆ. ಪ್ರಾಮಿಸ್.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು ಪಾಪ. ಆದರೆ ಕಲ್ಲಿನಲ್ಲಿ ಕೆತ್ತುವುದು ಎಂಥವರ ಹೆಸರು ಎಂದು ತಾಯಿಗೆ ಗೊತ್ತಿಲ್ಲವೇ? ಪುಷ್ಪಾವತಿ ಮಗಳೊಡನೆ ಮಾತು ಬಿಟ್ಟಳು.

ಶುಭಕಾರ್ಯಕ್ಕೆ ಆಗದ ಆಟಿಯಲ್ಲೇ ಉದ್ಘಾಟನೆಯಾಯಿತು. ರಿಬ್ಬನ್ ಕತ್ತರಿಸುವವರಿಗೆ ಆಟಿಯೇನು, ಮುಂದಿನ ಸೋಣ ತಿಂಗಳೇನು. ಮರುದಿನ ಪುಷ್ಪಾವತಿ ಲೋಕಲ್ ಹಿಡಿದು ಒಬ್ಬಳೇ ಹೋದಳು. ಮಕ್ಕಳು ಕುಣಿಯುತ್ತಿದ್ದರು, ಸೇತುವೆ ಅಲುಗಲಿಲ್ಲ. ಬೆಸುಗೆ ಹಾಕಿದಲ್ಲಿ ಕೈಯಿಟ್ಟಳು. ಮಳೆಗೆ ತಣ್ಣಗಿತ್ತು. ಗಂಡ ನಿಲ್ಲುತ್ತಿದ್ದಲ್ಲಿ ಬೆಂಚು ಇತ್ತು, ಹೆಸರಿರಲಿಲ್ಲ. ಮಗಳು ಕೆತ್ತಿಸಿರಲಿಲ್ಲ. ಅದರ ಮೇಲೆ ಕುಳಿತು ಕತ್ತಲಾಗುವವರೆಗೂ ಕಡಲ ದಿಕ್ಕನ್ನೇ ನೋಡಿದಳು. ಯಾವ ದೋಣಿಯೂ ಬರಲಿಲ್ಲ.

ಎಲೆ ಹಾಕುವ ದಿನ ಅವಳು ಮಯೂರನಿಗೆ ಇಷ್ಟದ ಬಂಗುಡೆ ಸಾರು ಮಾಡಿದಳು. ಆಫೀಸಿನಿಂದ ಬಂದ ಪೂಜಿತಾ ಬಾಗಿಲಲ್ಲೇ ನಿಂತಳು.

“ಎರಡು ಎಲೆ ಯಾಕಮ್ಮ?”

“ಅಲ್ಲಿ ದಾರಿ ಮುಚ್ಚಿತಲ್ಲ ಮಗಾ. ಇನ್ನು ಇಲ್ಲಿಗೇ ಕರೀಬೇಕಷ್ಟೆ.”

ಗಂಡನನ್ನು ಎಂದಿನಂತೆ ಕರೆದಳು. ಮಗನನ್ನು ಕರೆಯಹೋದಳು. ಹೆತ್ತವಳ ಬಾಯಿಂದ ಆ ಮಾತು ಹೊರಡಲೇ ಇಲ್ಲ.

ಪೂಜಿತಾ ಪಕ್ಕದಲ್ಲಿ ಬಂದು ಕುಳಿತಳು. “ಅಣ್ಣಾ,” ಎಂದಳು, “ಊಟಕ್ಕೆ ಬಾ.”