ಯಾರ ಕಡೆಯವರು

ನನ್ನ ಗಂಡ ವಿಶ್ವಾಸ್ ಮೀಟಿಂಗ್ ಇಲ್ಲದೆ ಹುಲ್ಲುಕಡ್ಡಿಯನ್ನೂ ಅಲ್ಲಾಡಿಸುವ ಆಸಾಮಿಯಲ್ಲ. ಆಫೀಸಿನ ಚಾಳಿ ಮನೆಗೂ ಅಂಟಿಕೊಂಡಿದೆ. ಏಪ್ರಿಲ್ ಕೊನೆಯ ಶನಿವಾರ ಬೆಟ್ಟಸಾಲಿನ ಆಚೆ, ಕೊಲಂಬಿಯಾ ನದಿ ದಾಟಿ, ಒಂದು ಕಣಿವೆ ನೋಡಿಕೊಂಡು ಬರುವುದು ಎಂದಾಗಲೂ ಅಷ್ಟೇ. ನಡೆಯಬೇಕಾದ್ದು ಸಪಾಟು ದಾರಿ, ಪುಟ್ಟ ಮಕ್ಕಳೂ ನಡೆಯುವಂಥದ್ದು. ಕೊನೆಯಲ್ಲಿ ಕರಿಬಂಡೆಯ ಅಂಚು, ಅದರ ಕೆಳಗೆ ಮರುಭೂಮಿಯಂಥ ಒಣ ಕಣಿವೆ. ಇಷ್ಟಕ್ಕೆ ಅವನು ಎಜುಕೇಶನ್ ಹಿಲ್‌ನ ನಮ್ಮ ಮನೆಯಲ್ಲಿ ಭಾನುವಾರ ಊಟದ ಜೊತೆ ಪ್ಲಾನಿಂಗ್ ಇಟ್ಟುಕೊಂಡ.

ನಾನು ಗೊಣಗಲಿಲ್ಲ. ಕಾರಣ ನನ್ನ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ವಸಂತಲಕ್ಷ್ಮಿಯವರನ್ನು ಮೈಸೂರಿನಿಂದ ಈ ಪರದೇಶಕ್ಕೆ ಕರೆದುಕೊಂಡು ಬಂದಿದ್ದೆವು. ಬಂದದ್ದು ದೇಹ ಮಾತ್ರ. ಬೆಳಿಗ್ಗೆ ಸೋಫಾದ ಕಿಟಕಿ ಬದಿಯ ಮೂಲೆಯಲ್ಲಿ ಕೂತರೆ ನಾವು ಸಂಜೆ ಆಫೀಸಿನಿಂದ ಬರುವವರೆಗೂ ಅಲ್ಲೇ. ತಟ್ಟೆಯಲ್ಲಿ ಅನ್ನ ಒಣಗುತ್ತಿತ್ತು. ಒಂದು ದಿನ ಟಿವಿ ಪರದೆಯ ಮೇಲೆ ತಾನಾಗಿ ಬಂದ ಕಣಿವೆಯ ಚಿತ್ರ ನೋಡಿ, "ಇಂಥ ಜಾಗ ನೋಡ್ಬೇಕು ಕಣೋ" ಎಂದರು. ಮಾವ ಹೋದ ಮೇಲೆ ಅವರು ಬಾಯಿಬಿಟ್ಟು ಬೇಕು ಅಂದದ್ದು ಅದೇ ಮೊದಲು. ವಿಶ್ವಾಸ್ ಬಾತ್‌ರೂಮಿಗೆ ಹೋಗಿ ಅತ್ತು ಬಂದ. ಬಂದವನೇ ಲ್ಯಾಪ್‌ಟಾಪ್ ತೆರೆದ.

ಆ ಭಾನುವಾರ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಪಕ್ಕದೂರು ವುಡಿನ್‌ವಿಲ್‌ನಿಂದ ಆಗ್ನೆಸ್ ಮತ್ತು ಅವಳ ಗಂಡ ಗ್ರೆಗರಿ ಬಂದರು. ಮಂಗಳೂರಿನವರು, ನಮಗೆ ಹಳೆಯ ಸ್ನೇಹಿತರು. ನಾರ್ತ್ ಕ್ರೀಕ್‌ನಿಂದ ಗ್ರೆಗರಿಯ ಸಹೋದ್ಯೋಗಿ ಅಮೃತ್ ಬಂದ. ಒಂಟಿ ಹುಡುಗ, ಊಟ ಇದ್ದಲ್ಲಿಗೆ ಹೇಳದೆಯೂ ಬರುತ್ತಾನೆ. ಅವರ ಬೆನ್ನಿಗೇ ಒಬ್ಬ ಹೆಂಗಸು ಒಳಗೆ ಬಂದರು. ನನಗಿಂತ ಸ್ವಲ್ಪ ದೊಡ್ಡವರು, ಇಲ್ಲಿ ಎಲ್ಲರೂ ಹಾಕುವಂಥ ಬೂದು ಜಾಕೆಟ್. ಹಣೆಯಲ್ಲಿ ಬೊಟ್ಟು ಇತ್ತೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ಈಗ ನೆನಪಾಗುವುದಿಲ್ಲ.

"ಹೇಗಿದೀರಾ ಸೌಜನ್ಯ? ಸೊರಗಿದೀರಲ್ಲ," ಎಂದರು.

ಯಾರೆಂದು ಹೊಳೆಯಲಿಲ್ಲ. ಹೊಳೆಯದಿದ್ದಾಗ ನಮ್ಮವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. "ಅಯ್ಯೋ ಬನ್ನಿ ಬನ್ನಿ, ಎಷ್ಟು ದಿನ ಆಯ್ತು. ಮನೇಲೆಲ್ಲ ಹೇಗಿದಾರೆ?" ಎಂದೆ. ಕನ್ನಡ ಸಂಘದ ಯುಗಾದಿಯಲ್ಲೋ ದೀಪಾವಳಿಯಲ್ಲೋ ಯಾರದೋ ಪಕ್ಕ ಕೂತು ಹೋಳಿಗೆ ತಿಂದಿರುತ್ತೇವೆ, ಮುಖ ಮರೆತಿರುತ್ತೇವೆ. ಹೆಸರು ಕೇಳಿದರೆ ಮುಖಕ್ಕೆ ಹೊಡೆದ ಹಾಗೆ. ಮೊದಲ ನಿಮಿಷದಲ್ಲಿ ಕೇಳದಿದ್ದರೆ ಆಮೇಲೆ ಈ ಜನ್ಮದಲ್ಲಿ ಕೇಳುವಂತಿಲ್ಲ. ಆಗ್ನೆಸ್ ಜೊತೆ ಬಂದರಲ್ಲ, ಅವಳ ಕಡೆಯವರೇ ಇರಬೇಕು ಎಂದುಕೊಂಡು ಕೈಗೆ ತಟ್ಟೆ ಕೊಟ್ಟೆ.

ಊಟವಾದ ಮೇಲೆ ವಿಶ್ವಾಸ್ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ನಕ್ಷೆ ತೋರಿಸಿದ. ಎಷ್ಟು ಹೊತ್ತಿಗೆ ಬಿಡುವುದು, ಎಲ್ಲೆನ್ಸ್‌ಬರ್ಗ್‌ನಲ್ಲಿ ಕಾಫಿಗೆ ನಿಲ್ಲುವುದು, ಪಾರ್ಕಿಂಗ್ ಪಾಸು ಯಾರ ಹತ್ತಿರ ಇದೆ, ಮೊಸರನ್ನ ಯಾರು, ಚಿಕನ್ ಸುಕ್ಕ ಯಾರು. ಅಲ್ಲಿ ಬಾಲದಲ್ಲಿ ಸದ್ದು ಮಾಡುವ ಬುಡುಬುಡಿಕೆ ಹಾವುಗಳು ಇರುತ್ತವೆಯೇ ಎಂದು ಅಮೃತ್ ಕೇಳಿದ. ಉತ್ತರ ಕೊಟ್ಟದ್ದು ಆ ಹೆಂಗಸು. "ಬಿಸಿಲೇರಿದ ಮೇಲೆ ಹೊರಗೆ ಬರ್ತವೆ. ಬೇಗ ಹೋದ್ರೆ ಭಯ ಇಲ್ಲ. ನೀರು ಜಾಸ್ತಿ ಇಟ್ಕೊಳ್ಳಿ, ನೆರಳು ಎಲ್ಲೂ ಇಲ್ಲ. ಅಂಚಲ್ಲಿ ಕಂಬಿ ಕಿಂಬಿ ಹಾಕಿಲ್ಲ, ಅದೇ ಚೆಂದ. ಒಂದ್ಸಲ ಅಲ್ಲಿ ನಿಂತ್ರೆ ವಾಪಸ್ ಬರೋಕೆ ಮನಸ್ಸೇ ಆಗಲ್ಲ."

ಪ್ರವಾಸ ಹೋಗಿ ಬಂದವರೆಲ್ಲ ಹೇಳುವ ಮಾತೇ ಅದು. ನಾವೆಲ್ಲ ನಕ್ಕೆವು. ಅತ್ತೆ ಮಾತ್ರ ನಗದೆ ಅವರನ್ನೇ ನೋಡುತ್ತಿದ್ದರು. ಆಮೇಲೆ ಪಕ್ಕದ ದಿಂಬು ಸರಿಸಿ ಜಾಗ ಮಾಡಿಕೊಟ್ಟರು. ಆಕೆ ಹೋಗಿ ಕೂತರು. ನಾನು ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಸೋಫಾದ ಮೂಲೆಯಿಂದ ಅತ್ತೆಯ ಮಾತು ಕೇಳುತ್ತಿತ್ತು. ಒಂದೇ ಸಮನೆ, ಮೊದಲಿನ ಹಾಗೆ. ಕೈ ಒರೆಸಿಕೊಳ್ಳುತ್ತ ಅಲ್ಲೇ ನಿಂತು ಸಂತೋಷದಿಂದ ಕೇಳಿಸಿಕೊಂಡೆ.

ಬಾಗಿಲ ಬಳಿ ಚಪ್ಪಲಿ ಶೂಗಳೆಲ್ಲ ಒದ್ದೆಯಾಗಿ ಕೆಸರು ಕಟ್ಟಿಕೊಂಡು ಬಿದ್ದಿದ್ದವು. ಒಂದು ಜೊತೆ ಮಾತ್ರ ಪೂರಾ ಒಣಗಿತ್ತು. ಅದರ ಮೇಲೆ ಹಳದಿ ಬಣ್ಣದ ನುಣ್ಣನೆಯ ಧೂಳು. ಬೆರಳಲ್ಲಿ ಮುಟ್ಟಿ ನೋಡಿದೆ. ಮನೆ ಬಾಗಿಲಿಗೇ ಕಾರು ತಂದಿದ್ದಾರೇನೋ ಎಂದುಕೊಂಡು ಬೆರಳು ಒರೆಸಿಕೊಂಡೆ.

ಆ ವಾರ ಅತ್ತೆ ಬದಲಾದರು. ತಟ್ಟೆ ಖಾಲಿಯಾಗತೊಡಗಿತು. ತಲೆಗೆ ಎಣ್ಣೆ ಹಾಕಿಕೊಂಡರು. ಹೊಸ ವಾಕಿಂಗ್ ಶೂ ತಂದುಕೊಟ್ಟರೆ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡೆದು ನೋಡಿದರು. ನಾನು ಸಂಜೆ ಬಂದಾಗ ಸಿಂಕಿನಲ್ಲಿ ಎರಡು ಕಾಫಿ ಲೋಟ ಇರುತ್ತಿದ್ದವು.

"ಮಧ್ಯಾಹ್ನ ಬಂದಿದ್ಲು," ಎನ್ನುತ್ತಿದ್ದರು. "ಪಾಪ, ನೀವಿಬ್ರೂ ಇಲ್ದೇ ಇರೋ ಹೊತ್ತು ನೋಡ್ಕೊಂಡು ಬರ್ತಾಳೆ."

"ಅವ್ರ ಹೆಸರೇನು ಅತ್ತೆ? ನನಗೆ ಮರೆತೇ ಹೋಗಿದೆ."

"ಇಷ್ಟು ಹಚ್ಕೊಂಡ ಮೇಲೆ ಹೆಸರು ಕೇಳಿದ್ರೆ ಏನಂದ್ಕೋತಾಳೆ? ಸುಮ್ನಿರು."

ಬುಧವಾರ ನಾನು ಮನೆಯಿಂದಲೇ ಕೆಲಸ ಮಾಡಿದೆ. ಅವತ್ತು ಆಕೆ ಬರಲಿಲ್ಲ. ಅತ್ತೆ ದಿನವಿಡೀ ಕಿಟಕಿ ನೋಡಿದರು, ನನ್ನ ಮೇಲೆ ಮುನಿಸಿಕೊಂಡವರಂತೆ ಊಟಕ್ಕೂ ಏಳಲಿಲ್ಲ. ಗುರುವಾರ ನಾನು ಆಫೀಸಿಗೆ ಹೋದೆ, ಬಂದಾಗ ಮತ್ತೆ ಎರಡು ಲೋಟ. ಅತ್ತೆ ಹೊಸ ಸುದ್ದಿ ಹೇಳಿದರು. "ಶನಿವಾರ ನಾನು ಅವಳ ಕಾರಲ್ಲಿ ಬರ್ತೀನಿ. ಅವಳು ಒಬ್ಬಳೇ ಅಂತೆ."

"ಆಯ್ತಮ್ಮ, ಬರುವಾಗ?" ವಿಶ್ವಾಸ್ ಕೇಳಿದ. ಯಾರು ಯಾವ ಕಾರಿನಲ್ಲಿ ಎಂದು ಅವನು ಆಗಲೇ ಲೆಕ್ಕ ಹಾಕುತ್ತಿದ್ದ.

"ಬರೋದ್ರ ಬಗ್ಗೆ ಆಮೇಲೆ ನೋಡಿಕೊಳ್ಳೋಣ ಅಂದ್ಲು."

ಆ ರಾತ್ರಿ ಮಲಗುವ ಮುಂಚೆ ಅತ್ತೆ ನನ್ನನ್ನು ಕರೆದು ಕೈಯಲ್ಲಿದ್ದ ಎರಡು ಚಿನ್ನದ ಬಳೆ ಬಿಚ್ಚಿ ಕೊಟ್ಟರು. "ಕಲ್ಲುಮುಳ್ಳಿನ ಜಾಗಕ್ಕೆ ಇವೆಲ್ಲ ಯಾಕೆ. ನೀನೇ ಹಾಕ್ಕೋ."

"ಬಂದ ಮೇಲೆ ವಾಪಸ್ ಕೊಡ್ತೀನಿ."

ಅತ್ತೆ ನನ್ನ ಕೆನ್ನೆ ಸವರಿದರು. ಆ ಕಣಿವೆಯಲ್ಲಿ ಅಂಥದ್ದೇನಿದೆ ಅಂತ ಆಕೆ ಹೇಳಿದ್ದಾರೆ ಎಂದು ಕೇಳಿದೆ. "ಅದು ನಮ್ಮಿಬ್ಬರ ಮಾತು," ಎಂದರು. ಬಳೆಗಳು ಬೆಚ್ಚಗಿದ್ದವು. ಇಷ್ಟು ದಿನ ಬಿಡದೆ ಕಾಡಿದ ದುಃಖ ಒಂದೇ ವಾರದಲ್ಲಿ ಇಷ್ಟು ಹಗುರ ಆಗುವುದು ಯಾವಾಗ, ಮನಸ್ಸಿನಲ್ಲಿ ಏನೋ ನಿಶ್ಚಯ ಮಾಡಿಕೊಂಡಾಗಲೇ ಅಲ್ಲವೇ ಎಂಬ ಯೋಚನೆ ಬಂದು, ಆ ಯೋಚನೆಯನ್ನೇ ಬೈದುಕೊಂಡು ಮಲಗಿದೆ.

ಶುಕ್ರವಾರ ಸಂಜೆ ಊಟದ ವಿಷಯಕ್ಕೆ ಆಗ್ನೆಸ್‌ಗೆ ಕಾಲ್ ಮಾಡಿದೆ. "ನಿಮ್ಮ ಆ ಫ್ರೆಂಡ್ ವೆಜ್ಜಾ, ನಾನ್‌ವೆಜ್ಜಾ? ಅವ್ರಿಗೂ ಸೇರಿಸಿ ಮಾಡ್ತೀನಿ."

"ಯಾವ ಫ್ರೆಂಡ್ ಮಾರಾಯ್ತಿ?"

"ಅವತ್ತು ನಿಮ್ಮ ಜೊತೆ ಬಂದ್ರಲ್ಲ, ಬೂದು ಜಾಕೆಟ್."

"ನಮ್ಮ ಜೊತೆ ಯಾರೂ ಬರಲಿಲ್ಲ. ಅವರು ನಿಮ್ಮ ಅತ್ತೆಯ ಸಂಬಂಧದವರಲ್ವಾ? ನಾನು ಹಾಗೇ ಎಣಿಸಿದ್ದು." ಆಮೇಲೆ ಆಗ್ನೆಸ್ ದನಿ ತಗ್ಗಿಸಿ, "ಆದ್ರೆ ನನ್ನ ಹತ್ರ ಕೊಂಕಣಿಯಲ್ಲಿ ಮಾತಾಡಿದ್ರು. ನಮ್ಮ ಊರಿನದ್ದೇ ಕೊಂಕಣಿ. ಯಾರು ಅಂತ ಕೇಳ್ಬೇಕು ಅಂತ ಇತ್ತು, ಮತ್ತೆ ನಾಚಿಕೆ ಆಯ್ತು," ಎಂದಳು.

ಅತ್ತೆಯ ಜೊತೆ ಅವರು ಆಡಿದ್ದು ಅಪ್ಪಟ ಮೈಸೂರು ಕನ್ನಡ. ಅಮೃತ್‌ಗೆ ಫೋನ್ ಮಾಡಿದೆ. ಯಾರ ಕಡೆಯವರು ಎಂದು ಅವನು ಯೋಚಿಸಿಯೇ ಇರಲಿಲ್ಲ, ಊಟ ಮಾಡುತ್ತಿದ್ದನಂತೆ. ವಾಟ್ಸಾಪ್ ಗುಂಪಿನಲ್ಲಿ ಅವರ ನಂಬರ್ ಇಲ್ಲ. ಅತ್ತೆಯ ಫೋನಿನಲ್ಲೂ ಇಲ್ಲ. ಐದು ಜನ ಓದಿದವರು ಒಂದು ಮಧ್ಯಾಹ್ನ ಪೂರ್ತಿ ಒಬ್ಬರ ಜೊತೆ ಕೂತು ಉಂಡು, ನಕ್ಕು, ಅವರು ಹೇಳಿದ ಮಾತನ್ನೆಲ್ಲ ನಂಬಿ, ಮನೆಯ ಹಿರಿಯ ಜೀವವನ್ನು ಅವರ ಕಾರಿಗೆ ಹತ್ತಿಸಲು ತಯಾರಾಗಿದ್ದೆವು. ಎಲ್ಲ ಬರಿಯ ದಾಕ್ಷಿಣ್ಯಕ್ಕೆ. ನಮ್ಮ ಈ ಮರ್ಯಾದೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ವಿಶ್ವಾಸ್ ಮೊದಲ ಬಾರಿಗೆ ಮೀಟಿಂಗ್ ಇಲ್ಲದೆ ತೀರ್ಮಾನ ಮಾಡಿದ. ಹೈಕ್ ಕ್ಯಾನ್ಸಲ್. ಅಮ್ಮನನ್ನು ಹೆದರಿಸುವುದು ಬೇಡ, ಆ ಕಡೆ ಗಾಳಿ ಜೋರಿದೆ ಅಂತ ಹೇಳೋಣ ಎಂದ. ಅತ್ತೆ ಕೇಳಿಸಿಕೊಂಡು "ಆಯ್ತು" ಎಂದರು. ಅಳಲಿಲ್ಲ, ಜಗಳ ಆಡಲಿಲ್ಲ. ಅವರು ಜಗಳ ಆಡಿದರೇ ವಾಸಿ ಎಂದು ನಾನು ಕಾಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಎದ್ದಾಗ ಮನೆಯೊಳಗೆ ತಣ್ಣನೆಯ ಗಾಳಿ ಆಡುತ್ತಿತ್ತು. ಕೆಳಗಿಳಿದು ಬಂದರೆ ಮುಂಬಾಗಿಲು ಪೂರ್ತಿ ತೆರೆದಿದೆ. ಅತ್ತೆ ಹೊರಗಿನ ಮೆಟ್ಟಿಲ ಮೇಲೆ, ಸ್ವೆಟರ್ ತೊಟ್ಟು, ಹೊಸ ಶೂ ಹಾಕಿಕೊಂಡು, ಬರಿಗೈಯಲ್ಲಿ ಕೂತಿದ್ದಾರೆ. ನೀರಿನ ಬಾಟಲಿಯೂ ತೆಗೆದುಕೊಂಡಿರಲಿಲ್ಲ. ಎದುರಿಗೆ ರಸ್ತೆ ಬದಿಯಲ್ಲಿ ಒಂದು ಕಾರು. ಮಳೆ ಸಣ್ಣಗೆ ಹನಿಯುತ್ತಿತ್ತು, ಆದರೂ ಕಾರಿನ ತುಂಬ ಹಳದಿ ಧೂಳು ಕೂತಿತ್ತು. ಒಂದು ಹನಿಯೂ ಅದನ್ನು ತೊಳೆದಿರಲಿಲ್ಲ. ಆಕೆ ಕಾರಿನ ಬಾಗಿಲು ತೆರೆದು ಹಿಡಿದು ನಿಂತಿದ್ದರು.

"ಹೊರಡೋಣ್ವಾ ಅಮ್ಮ?" ಎಂದರು. ನನ್ನನ್ನು ನೋಡಿ ಅದೇ ಪರಿಚಯದ ನಗು ನಕ್ಕರು.

ನಾನು ಹೋಗಿ ಅತ್ತೆಯ ತೋಳು ಹಿಡಿದುಕೊಂಡೆ. ಅಷ್ಟಾದರೂ ನನ್ನ ಬಾಯಿಗೆ ಬಂದದ್ದು, ಒಳಗೆ ಬನ್ನಿ, ಕಾಫಿ ಕುಡಿದುಕೊಂಡು ಹೋಗಿ ಎಂಬ ಮಾತು. ತುಟಿಯವರೆಗೂ ಬಂದಿತ್ತು. ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬಂತು.

"ತಪ್ಪು ತಿಳ್ಕೋಬೇಡಿ," ಎಂದೆ. "ನೀವು ಯಾರು?"

ಆಕೆಗೆ ಬೇಜಾರಾದಂತೆ ಕಾಣಲಿಲ್ಲ. "ಅಮ್ಮ ಹೇಳ್ತಾರೆ," ಎಂದು ಅತ್ತೆಯ ಕಡೆ ತಿರುಗಿದರು.

ಅತ್ತೆ ತಲೆ ತಗ್ಗಿಸಿ ಶೂಗಳನ್ನು ನೋಡುತ್ತ ಕೂತರು. ಅವರ ತೋಳು ನನ್ನ ಹಿಡಿತದಿಂದ ಮೆಲ್ಲಗೆ ಜಗ್ಗುತ್ತಿತ್ತು, ಏಳಲು ಹವಣಿಸುವವರ ಹಾಗೆ.

"ಹೇಳಿ ಅತ್ತೆ. ಇವ್ರು ಯಾರು? ಹೇಳಿ, ನಾನೇ ಕಾರಿಗೆ ಹತ್ತಿಸ್ತೀನಿ."

ಆಕೆ ತಾಳ್ಮೆಯಿಂದ ಕಾಯುತ್ತಿದ್ದರು. ಕೊನೆಗೆ ಅತ್ತೆ, "ನನಗೆ ಗೊತ್ತಿಲ್ಲ ಕಣೆ," ಎಂದರು.

ಆಕೆ ತಲೆಯಾಡಿಸಿದರು, ಯಾರನ್ನೋ ಕೇಳಿಕೊಂಡು ಬಂದವರು, ಅವರು ಮನೆಯಲ್ಲಿಲ್ಲ ಎಂದರೆ ತಲೆಯಾಡಿಸುತ್ತಾರಲ್ಲ ಹಾಗೆ. ಕಾರಿನ ಬಾಗಿಲು ಮುಚ್ಚಿ ಆಚೆ ಬದಿಗೆ ಹೋದರು. "ಬರ್ತೀನಿ ಅಮ್ಮ," ಎಂದರು. ಹೊರಡುವಾಗ ನಾವೆಲ್ಲ ಹೇಳುವುದೂ ಅದನ್ನೇ. ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು ತಿರುವಿನಲ್ಲಿ ಮರೆಯಾಯಿತು.

"ನೀನು ಕೇಳಬಾರದಿತ್ತು," ಅತ್ತೆ ಹೇಳಿದರು. ದನಿಯಲ್ಲಿ ಕೋಪವಿತ್ತು. "ಯಾರ ಕಡೆಯವಳೂ ಅಲ್ಲ ಅಂತ ನನಗೆ ಮೊದಲ ದಿನಾನೇ ಗೊತ್ತಾಯ್ತು. ಕೇಳಿದ್ರೆ ಮತ್ತೆ ಬರಲ್ಲ ಅಂತ ಸುಮ್ನಿದ್ದೆ."

"ಯಾಕೆ ಅತ್ತೆ? ಏನು ಹೇಳಿದ್ರು ಅವ್ರು?"

"ಅಲ್ಲಿ ಅಂಚಲ್ಲಿ ನಿಂತ್ರೆ ಕೆಳಗಡೆಯಿಂದ ನಿಮ್ಮ ಮಾವ ಕೆಮ್ಮೋದು ಕೇಳುತ್ತೆ ಅಂದ್ಲು. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮೋರಲ್ಲ, ಹಾಗೇ. ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ಚೆನ್ನಾಗಿ ಕೇಳುತ್ತಂತೆ."

ನನಗೆ ಅಳು ತಡೆಯಲಾಗಲಿಲ್ಲ. ಒದ್ದೆ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಎರಡೂ ಕೈ ಹಿಡಿದುಕೊಂಡೆ. "ಎಲ್ಲೂ ಹೋಗ್ಬೇಡಿ ಅತ್ತೆ. ನನಗೆ ನೀವು ಬೇಕು. ವಿಶ್ವಾಸ್‌ಗಲ್ಲ, ನನಗೆ," ಎಂದೆ. ಅವರು ಬಿಗಿಯಾಗಿಯೇ ಕೂತಿದ್ದರು. ಆಮೇಲೆ ತಲೆ ತಂದು ನನ್ನ ಭುಜಕ್ಕೆ ಆನಿಸಿದರು. ಅವರ ಮೈ ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ.

ಆಗ ರಸ್ತೆಯ ಕೆಳಗಿನ ತಿರುವಿನ ಕಡೆಯಿಂದ ಒಬ್ಬ ಗಂಡಸು ಕೆಮ್ಮಿದ. ಒಣ ಕೆಮ್ಮು, ಅದರ ಹಿಂದೆ ಗಂಟಲು ಸರಿಮಾಡಿಕೊಳ್ಳುವ ಸದ್ದು. ಮದುವೆಯಾದ ಹೊಸದರಲ್ಲಿ ಮೈಸೂರಿನ ಮನೆಯಲ್ಲಿ ದಿನಾ ಬೆಳಿಗ್ಗೆ ಆ ಸದ್ದಿಗೇ ನಾನು ಏಳುತ್ತಿದ್ದದ್ದು. ರಸ್ತೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ತಟ್ಟನೆ ತಲೆಯೆತ್ತಿದರು. ನನ್ನ ಕೈಯೊಳಗೆ ಅವರ ಬೆರಳುಗಳು ಬಿಗಿದವು. "ಸೌಜನ್ಯಾ, ನಿನಗೂ ಕೇಳಿಸ್ತಾ?"

ಇನ್ನೊಮ್ಮೆ ಕೆಮ್ಮು ಬಂತು, ಈ ಸಲ ಸ್ವಲ್ಪ ಹತ್ತಿರದಿಂದ.

"ಇಲ್ಲ ಅತ್ತೆ," ಎಂದೆ, ಅವರ ಕಣ್ಣನ್ನೇ ನೋಡುತ್ತ. "ಏನೂ ಕೇಳಿಸ್ಲಿಲ್ಲ."